ಸಿದ್ದರಾಮಪ್ಪನವರ ಗುಪ್ತ ಸ್ವಿಚ್ಚು

"ನಾಳೆ ಬಸ್ಸಿನ ಮಾತೆತ್ತಿದರೆ ನೋಡು! ನಿನ್ನನ್ನ ಕಾರಲ್ಲಿ ಕರ್ಕೊಂಡು ಹೋಗಿ ನಿನ್ನ ತಮ್ಮನ ಮನೆ ಬಾಗಿಲಲ್ಲೇ ಇಳಿಸ್ಲಿಲ್ಲ ಅಂದ್ರೆ ನಾನು ಸಿದ್ದರಾಮಪ್ಪನೇ ಅಲ್ಲ!"

ಪೀಣ್ಯದ ಸರ್ಕಾರಿ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದ ಅಸಿಸ್ಟೆಂಟ್ ಮ್ಯಾನೇಜರ್ ಸಿದ್ದರಾಮಪ್ಪನವರು ಶನಿವಾರ ಸಂಜೆ ರೊಟ್ಟಿ ಮುರಿಯುತ್ತಾ ಈ ಭೀಷಣ ಪ್ರತಿಜ್ಞೆ ಮಾಡಿದರು. ಹೆಂಡತಿ ಮಹಾದೇವಿ "ಆಗ್ಲಿ ಬಿಡ್ರೀ" ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ಪ್ರತಿಜ್ಞೆಗೆ ಕಾರಣವಿತ್ತು. ಮಹಾದೇವಿಯ ತಮ್ಮ ಈರೇಶ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದು ಚಂದಾಪುರದಲ್ಲಿ ಮನೆ ಕಟ್ಟಿಸಿದ್ದ. ಅದರ ಗೃಹಪ್ರವೇಶಕ್ಕೆ ಇವರಿಬ್ಬರೂ ಬಸ್ಸು ಬದಲಾಯಿಸಿ ಬದಲಾಯಿಸಿ ತಲುಪುವಷ್ಟರಲ್ಲಿ ಹಾಲು ಉಕ್ಕಿ, ಆರಿ, ಕೆನೆಯೂ ಕಟ್ಟಿತ್ತು. ಆಗ ಈರೇಶನ ಮಾವನವರು ಎಲ್ಲರೆದುರು ಅಳಿಯನನ್ನು, "ಓ, ನಿಮ್ಮ ಭಾವನವರು ಇನ್ನೂ ಬಸ್ಸಲ್ಲೇ ಓಡಾಡ್ತಾರಾ?" ಎಂದು ಕೇಳಿದ್ದರು. ಆ ಮಾತು ಹಲ್ಲಿನ ಸಂದಿಗೆ ಸಿಕ್ಕಿದ ಅಡಿಕೆ ಚೂರಿನಂತೆ ಸಿದ್ದರಾಮಪ್ಪನವರನ್ನು ಕಾಡುತ್ತಲೇ ಇತ್ತು. ಈಗ ಈರೇಶನ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಸೋದರತ್ತೆಯಾದ ಮಹಾದೇವಿ ಬಾಗಿ ಕಿವಿಯಲ್ಲಿ ಹೆಸರು ಉಸುರಿದರೇ ಮಗುವಿಗೆ ಹೆಸರು. ಅದೂ ಮಧ್ಯಾಹ್ನ ಹನ್ನೆರಡರ ಒಳಗೆ!

ಗೃಹಪ್ರವೇಶದ ಅವಮಾನದ ಫಲವಾಗಿಯೇ ಮನೆಗೆ ಒಂದು ಸೆಕೆಂಡ್ ಹ್ಯಾಂಡ್ ಫಿಯಟ್ ಬಂದಿತ್ತು. ಕಾರಿನ ಹಿಂದೆಯೇ ಕಳ್ಳರ ಭಯವೂ ಬಂತು. ಸಿದ್ದರಾಮಪ್ಪನವರು ಯಶವಂತಪುರಕ್ಕೆ ಹೋಗಿ ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಒಂದು ಗುಪ್ತ ಸ್ವಿಚ್ಚು ಹಾಕಿಸಿಕೊಂಡು ಬಂದರು. ಅದನ್ನು ಕೆಳಕ್ಕೆ ಒತ್ತಿದರೆ ಎಂಜಿನ್ನಿಗೆ ಕರೆಂಟ್ ಬಂದ್! ಕೀ ತಿರುಗಿಸಿದರೆ ಸೆಲ್ಫ್ ಗರ್ರ್ ಗರ್ರ್ ಎನ್ನುತ್ತದೆ, ಕಾರು ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಕಳ್ಳ ಸೆಲ್ಫ್ ಹೊಡೆದು ಹೊಡೆದು ಸುಸ್ತಾಗಿ ಕಳ್ಳತನವನ್ನೇ ಬಿಡಬೇಕು!

ಇಷ್ಟು ದೊಡ್ಡ ಗುಟ್ಟನ್ನು ಗುಟ್ಟಾಗಿಟ್ಟರೆ ಅದರ ದೊಡ್ಡಸ್ತಿಕೆ ಜನಕ್ಕೆ ತಿಳಿಯುವುದು ಹೇಗೆ? ಪಕ್ಕದ ಮನೆಯ, ಸ್ಟೋರ್ಸ್ ವಿಭಾಗದ ಚನ್ನವೀರಪ್ಪನಿಗೆ ಕ್ಯಾಂಟೀನಿನಲ್ಲಿ ಮಕ್ಕಳ ಮೇಲೆ ಆಣೆ ಹಾಕಿಸಿ ಹೇಳಿದರು. ಮೇಲಿನ ಮನೆಯ, ಅಕೌಂಟ್ಸ್ ವಿಭಾಗದ ಕೃಷ್ಣಸ್ವಾಮಿಗೆ ಅವರ ದೇವರ ಮನೆಯ ಮುಂದೆಯೇ ಆಣೆ. ಯೂನಿಯನ್ ಲೀಡರ್ ಪಾಪಯ್ಯನಿಗೆ ಗೇಟಿನ ಟೀ ಅಂಗಡಿಯಲ್ಲಿ ತಾಯಾಣೆ. ಪ್ರತಿಯೊಬ್ಬನಿಗೂ, "ನಿನಗೊಬ್ಬನಿಗೇ ಹೇಳ್ತಿದೀನಿ!" ಮಹಾದೇವಿಗೆ ಮಾತ್ರ ಹೇಳಲಿಲ್ಲ. "ಹೆಂಗಸರ ಹೊಟ್ಟೇಲಿ ಗುಟ್ಟು ನಿಲ್ಲಲ್ಲ ಕಣಯ್ಯ" ಎಂದು ಆ ಮೂವರಿಗೂ ಬೇರೆ ಬೇರೆಯಾಗಿ ವಿವರಿಸಿದರು.

ಭಾನುವಾರ ಬೆಳಕು ಹರಿಯುವ ಮೊದಲೇ ಸಿದ್ದರಾಮಪ್ಪನವರು ಸ್ವಿಚ್ಚು ಮೇಲಕ್ಕೆತ್ತಿ, ಒಂದೇ ಏಟಿಗೆ ಕಾರು ಸ್ಟಾರ್ಟ್ ಮಾಡಿ, ಇಡೀ ಕ್ವಾರ್ಟರ್ಸಿಗೆ ಕಾಣುವಂತೆ ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದರು. ತೊಳೆದರು, ಒರೆಸಿದರು, ಮಲ್ಲಿಗೆ ಮಾಲೆ ಹಾಕಿದರು. ಸ್ನಾನ ಮಾಡಿ, ಜರಿ ಪಂಚೆ ಉಟ್ಟು, ಬಿಳಿ ಜುಬ್ಬ ತೊಟ್ಟು ಮದುವೆ ಗಂಡಿನಂತೆ ಬಂದು ಸೀಟಿನಲ್ಲಿ ಕೂತರು. ಮಹಾದೇವಿ ಇಳಕಲ್ ಸೀರೆಯುಟ್ಟು, ಮಗುವಿನ ಕುಬಸ, ಬೆಳ್ಳಿ ಗೆಜ್ಜೆಯ ಬುಟ್ಟಿ ಹಿಡಿದು ಪಕ್ಕದಲ್ಲಿ ಕೂತಳು. ಕೀ ತಿರುಗಿತು.

ಗರ್ರ್... ಗರ್ರ್... ಗರ್ರ್...

ಅಷ್ಟೇ!

"ಬೆಳಿಗ್ಗೆ ತಾನೇ ಚೆನ್ನಾಗಿ ಸ್ಟಾರ್ಟ್ ಆಗಿತ್ತಲ್ಲೇ!" ಚೋಕ್ ಎಳೆದರು. ಗರ್ರ್. ಚೋಕ್ ಬಿಟ್ಟರು. ಗರ್ರ್.

"ರೀ, ಒಂದ್ ಮಾತು..."

"ಸುಮ್ನಿರು ಮಾದೇವಿ. ಈಗ ಅನಾಲಿಸಿಸ್ ಮಾಡ್ಬೇಕು."

ಆ ವರ್ಷ ಕಾರ್ಖಾನೆಗೆ ಐಎಸ್‌ಓ ಸರ್ಟಿಫಿಕೇಟಿನ ಜ್ವರ ಹಿಡಿದಿತ್ತು. 'ದೋಷದ ಮೂಲ ಹುಡುಕಿರಿ, ಐದು ಸಲ ಯಾಕೆ ಎಂದು ಕೇಳಿರಿ' ಎಂದು ಕೆಲಸಗಾರರಿಗೆ ಪಾಠ ಹೇಳುತ್ತಿದ್ದವರೇ ಸಿದ್ದರಾಮಪ್ಪನವರು. ಈಗ ಬಾನೆಟ್ ಎತ್ತಿ, ಎಂಜಿನ್ನನ್ನು ದಿಟ್ಟಿಸಿ, ಗಂಭೀರವಾಗಿ "ಯಾಕೆ?" ಎಂದರು. ಎಂಜಿನ್ ಉತ್ತರಿಸಲಿಲ್ಲ.

ಸೆಲ್ಫಿನ ಗೋಳಾಟ ಕೇಳಿ ಚನ್ನವೀರಪ್ಪ ಓಡಿ ಬಂದ. ಬಂದವನೇ ಡ್ಯಾಶ್‌ಬೋರ್ಡಿನ ಕಡೆ ಕಣ್ಣು ಮಿಟುಕಿಸಿ, "ಸಾರ್, ಎಲ್ಲಾ ಸರಿಯಾಗಿದೆ ತಾನೇ? ಒಳಗೆ? ಅಂದ್ರೆ... ಕೆಳಗೆ?" ಎಂದ.

"ಕೆಳಗೇನಯ್ಯ ಇರುತ್ತೆ? ರೋಡು!"

ಅವನು ಬಾಯಿ ತೆರೆಯುವಷ್ಟರಲ್ಲಿ ಕೃಷ್ಣಸ್ವಾಮಿ ಮಹಡಿಯಿಂದ ಇಳಿದು ಬಂದರು. ಚನ್ನವೀರಪ್ಪನಿಗೆ ಮಕ್ಕಳ ನೆನಪಾಗಿ ಬಾಯಿ ಮುಚ್ಚಿತು.

ಸಿದ್ದರಾಮಪ್ಪನವರು ಪ್ಲಗ್ ಬಿಚ್ಚಿ ನೋಡಿದರು. ಕಿಡಿಯ ಸುಳಿವೇ ಇಲ್ಲ. "ಪ್ಲಗ್ಗಿಗೆ ಕರೆಂಟೇ ಬರ್ತಿಲ್ಲ!"

"ಎಲ್ಲೋ ಕಟ್ ಆಗಿರ್ಬೇಕು ಸಾರ್," ಕೃಷ್ಣಸ್ವಾಮಿ ಕೆಮ್ಮಿದರು. "ಎಲ್ಲೋ... ಮಧ್ಯದಲ್ಲಿ. ಯಾರಿಗೂ ಗೊತ್ತಿಲ್ಲದ ಜಾಗದಲ್ಲಿ." ಹೀಗೆಂದು ಚನ್ನವೀರಪ್ಪನ ಕಡೆ ನೋಡಿ, ಛೇ, ಇವನ ಮುಂದೆ ಹೆಚ್ಚು ಹೇಳಿಬಿಟ್ಟೆನೇ ಎಂದು ನಾಲಿಗೆ ಕಚ್ಚಿಕೊಂಡರು.

ಅಷ್ಟರಲ್ಲಿ ಪಾಪಯ್ಯನೂ ಬಂದ. "ಸಾರ್, ಈ ಇಬ್ರನ್ನೂ ಸ್ವಲ್ಪ ಆಚೆ ಕಳ್ಸಿ. ನಿಮ್ಹತ್ರ ಒಂದು ಮಾತಿದೆ."

"ಇದೇನ್ ವೇಜ್ ಸೆಟ್ಲ್‌ಮೆಂಟೇನ್ರೀ ಪಾಪಯ್ಯ? ಹೇಳೋದನ್ನ ಎಲ್ಲರೆದುರಿಗೇ ಹೇಳ್ರೀ!"

"ಎಲ್ಲರೆದುರಿಗೆ ಹೇಳೋ ಹಾಗಿಲ್ವಲ್ಲ ಸಾರ್," ಎಂದು ಪಾಪಯ್ಯ ಆಕಾಶ ನೋಡತೊಡಗಿದ. ಮ್ಯಾನೇಜ್‌ಮೆಂಟಿನ ಮುಂದೆ ಅವನು ಬಾಯಿ ಮುಚ್ಚಿ ನಿಂತ ಪ್ರಥಮ ಪ್ರಸಂಗ ಇದು!

ಮೂವರಿಗೂ ಗೊತ್ತಿದ್ದದ್ದು ಒಂದೇ ಗುಟ್ಟು. ಅದನ್ನು ಪ್ರತಿಯೊಬ್ಬನೂ ಉಳಿದಿಬ್ಬರಿಂದ ಕಾಪಾಡುತ್ತಾ ನಿಂತಿದ್ದ. ಇಂಥ ನಿಷ್ಠೆಯನ್ನು ನಮ್ಮ ಸರ್ಕಾರಿ ಕಾರ್ಖಾನೆಗಳು ಇನ್ನಾವ ಕೆಲಸದಲ್ಲೂ ಕಂಡಿರಲಾರವು. ಇನ್ನು ಸಿದ್ದರಾಮಪ್ಪನವರಿಗೆ ಸ್ವಿಚ್ಚಿನ ನೆನಪೇ ಬರಲಿಲ್ಲವೇ? ಬಂತು. ಆದರೆ ಬೆಳಿಗ್ಗೆ ತಾವೇ ಕೈಯಾರೆ ಮೇಲಕ್ಕೆತ್ತಿದ್ದು! ಒಮ್ಮೆ ಪರೀಕ್ಷಿಸಿ ಪಾಸು ಮಾಡಿದ ಮಾಲನ್ನು ಮತ್ತೆ ಪರೀಕ್ಷಿಸುವ ಪದ್ಧತಿ ಅವರ ವಿಭಾಗದಲ್ಲಿ ಇರಲಿಲ್ಲ.

"ರೀ, ಆ ಕೆಳಗಡೆ..." ಮಹಾದೇವಿ ಕಿಟಕಿಯಿಂದ ತಲೆ ಹಾಕಿದಳು.

"ನಾಲ್ಕು ಜನ ಗಂಡಸರು ತಲೆ ಕೆಡಿಸ್ಕೊಂಡಿದೀವಿ, ನಿಂದೇನೇ ಮಧ್ಯದಲ್ಲಿ!"

ಕಿಡಿ ಕೊಡುವ ಪಾಯಿಂಟನ್ನು ಉಪ್ಪುಕಾಗದದಲ್ಲಿ ತಿಕ್ಕಿದ್ದಾಯಿತು. ಕಾರ್ಬುರೇಟರನ್ನು ಬಾಯಲ್ಲಿ ಊದಿದ್ದಾಯಿತು. ಬಿಳಿ ಜುಬ್ಬ ಗ್ಯಾರೇಜಿನ ಒರೆಸುವ ಬಟ್ಟೆಯಾಯಿತು. ನಾಲ್ವರೂ ಸೇರಿ ಕ್ವಾರ್ಟರ್ಸಿನ ಸುತ್ತ ಮಲ್ಲಿಗೆ ಮಾಲೆಯ ಕಾರನ್ನು ತಳ್ಳಿ ಉತ್ಸವವನ್ನೂ ಮುಗಿಸಿದರು. ಸೆಲ್ಫಿನ ಗರ್ರ್ ಎಂಬ ಗರ್ಜನೆ ನರಳಾಟವಾಗಿ, ಕೊನೆಗೆ ಟಿಕ್ ಎಂದು ಪ್ರಾಣ ಬಿಟ್ಟಿತು.

ಮಹಾದೇವಿ ಕೆಳಗಿಳಿದಳು. "ಕಡೇ ಸಲ ಕೇಳ್ತೀನ್ರೀ. ನಾನೊಂದು ಮಾತು ಹೇಳ್ಲಾ?"

"ಬೇಡ!"

"ಸರಿ. ಅಲ್ಲಿ ಕೂಸು ಹೆಸರಿಲ್ದೆ ಮಲಗಿರ್ತದೆ. ನಾನು ಬಸ್ಸಿಗೆ ಹೋಗ್ತೀನಿ. ನೀವು ನಿಮ್ಮ ಕಾರಲ್ಲೇ ಬರ್ರಿ."

ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬುಟ್ಟಿ ಹಿಡಿದು ಅವಳು ಮೆಜೆಸ್ಟಿಕ್ ಬಸ್ಸಿನ ಸ್ಟಾಪಿನತ್ತ ಹೊರಟಳು. ಯಾವುದು ಆಗಬಾರದೆಂದು ಸಿದ್ದರಾಮಪ್ಪನವರು ಕಾರು ಕೊಂಡಿದ್ದರೋ ಅದೇ ಕಣ್ಣೆದುರು ನಡೆದು ಹೋಗುತ್ತಿತ್ತು.

ನೆರೆಯವರು ತಿಂಡಿಗೆ ಹೋದರು. ಸಿದ್ದರಾಮಪ್ಪನವರು ಇನ್ನೂ ಒಂದೆರಡು ಗಂಟೆ ಒಬ್ಬರೇ ತಡಕಾಡಿ, ಸೀಟಿನಲ್ಲಿ ಕುಸಿದು ಸ್ಟೀರಿಂಗಿಗೆ ಹಣೆ ಆನಿಸಿದರು. ಕೈ ಸುಮ್ಮನೆ ಡ್ಯಾಶ್‌ಬೋರ್ಡಿನ ಕೆಳಗೆ ಹೋಯಿತು.

ಸ್ವಿಚ್ಚು ಕೆಳಗಿತ್ತು!

ಆಗ ನೆನಪಾಯಿತು. ಕಾರು ತೊಳೆದು ಸ್ನಾನಕ್ಕೆ ಹೊರಟಾಗ ಹಳೇ ಪೇಪರಿನವನೊಬ್ಬ ಅದನ್ನೇ ನೋಡುತ್ತಾ ನಿಂತಿದ್ದ. ಯಾವುದಕ್ಕೂ ಇರಲಿ ಎಂದು ವಾಪಸ್ಸು ಬಂದು ಸ್ವಿಚ್ಚು ಒತ್ತಿ ಹೋಗಿದ್ದರು. ಸ್ವಿಚ್ಚಿನ ಗುಣಮಟ್ಟದಲ್ಲಿ ದೋಷವಿರಲಿಲ್ಲ. ಕಳ್ಳನನ್ನು ತಡೆಯುವಂತೆಯೇ ಮಾಲೀಕನನ್ನೂ ತಡೆದಿತ್ತು!

ಬ್ಯಾಟರಿ ಸತ್ತಿದ್ದರಿಂದ ತಿಂಡಿ ಮುಗಿಸಿ ಒರಗಿದ್ದ ಮೂವರನ್ನೂ ಮತ್ತೆ ಕರೆಯಬೇಕಾಯಿತು. ಒಂದು ತಳ್ಳು, ಕಾರು ಗುಡುಗಿತು.

"ಏನಾಗಿತ್ತು ಸಾರ್?"

"ಏರ್ ಲಾಕ್. ಪೆಟ್ರೋಲ್ ಪೈಪಲ್ಲಿ ಗಾಳಿ ಸೇರ್ಕೊಂಡಿತ್ತು."

"ಹೌದೌದು, ಏರ್ ಲಾಕೇ!" ಎಂದು ಮೂವರೂ ಒಂದೇ ಉಸಿರಿಗೆ ಒಪ್ಪಿ, ತಂತಮ್ಮ ಹೆಂಡತಿಯರಿಗೆ ಸುದ್ದಿ ಮುಟ್ಟಿಸಲು ಒಳಗೋಡಿದರು.

ಸಿದ್ದರಾಮಪ್ಪನವರು ಚಂದಾಪುರ ಮುಟ್ಟಿದಾಗ ಎರಡನೇ ಪಂಕ್ತಿಗೆ ಎಲೆ ಹಾಕುತ್ತಿದ್ದರು. ಮಹಾದೇವಿ ಹೊತ್ತಿಗೆ ಸರಿಯಾಗಿ ಬಂದು ಮಗುವಿನ ಕಿವಿಯಲ್ಲಿ ಸ್ಫೂರ್ತಿ ಎಂದು ಉಸುರಿ, ಪದ್ಧತಿಯಂತೆ ಹೆಂಗಸರಿಂದ ಬೆನ್ನಿಗೆ ಗುದ್ದನ್ನೂ ತಿಂದಾಗಿತ್ತು. ಈರೇಶನ ಮಾವನವರು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಓಹೋ, ಕಾರು! ಈ ಮಗೂಗೆ ಬಂದ್ರೋ, ಮುಂದಿನ ಮಗೂಗೆ ಬಂದ್ರೋ?" ಎಂದರು. ಸಿದ್ದರಾಮಪ್ಪನವರು ಹೋಳಿಗೆಯೊಂದಿಗೆ ಅದನ್ನೂ ನುಂಗಿದರು.

ಸಂಜೆ ಬೀಳ್ಕೊಡಲು ಬಳಗವೆಲ್ಲ ಗೇಟಿನಲ್ಲಿ ನಿಂತಿತು. ಸಿದ್ದರಾಮಪ್ಪನವರು ಎದೆಯುಬ್ಬಿಸಿ ಕೀ ತಿರುಗಿಸಿದರು.

ಗರ್ರ್... ಗರ್ರ್... ಗರ್ರ್...

ಹಣೆಯಲ್ಲಿ ಬೆವರು! ಮಾವನವರು ಮೆಟ್ಟಿಲಿಳಿದು ಬರುತ್ತಿದ್ದರು. ಮಹಾದೇವಿ ಮಧ್ಯಾಹ್ನ ತೊಟ್ಟಿಲಿಗೆ ಬಾಗಿದಂತೆಯೇ ಗಂಡನ ಕಡೆ ಬಾಗಿ, ಕೈ ಅಡ್ಡ ಹಿಡಿದು, ಕಿವಿಯಲ್ಲಿ ಉಸುರಿದಳು:

"ಸ್ವಿಚ್ಚು."

ಬಂದಿಳಿದಾಗ ತಾವೇ ಒತ್ತಿದ್ದ ಸ್ವಿಚ್ಚನ್ನು ಸಿದ್ದರಾಮಪ್ಪನವರು ಮೇಲಕ್ಕೆತ್ತಿದರು. ಕಾರು ಹೊರಟಿತು. ಬೊಮ್ಮನಹಳ್ಳಿ ದಾಟಿದ ಮೇಲೆ ಸಿದ್ದರಾಮಪ್ಪನವರು ಕೇಳಿದರು:

"ನಿಂಗ್ಯಾರು ಹೇಳಿದ್ದು?"

"ಚನ್ನವೀರಪ್ಪನವರ ಹೆಂಡ್ತಿ. ಆಮೇಲೆ ಮೇಲಿನ ಮನೆ ಸುಬ್ಬಲಕ್ಷ್ಮಿ. ಆಮೇಲೆ ಪಾಪಯ್ಯನವರ ಮನೆಯವ್ರು. ನಿಮಗೊಬ್ರಿಗೇ ಅಂತ ಮೂರೂ ಜನ ಹೇಳಿದ್ರು."

"ಮತ್ತೆ ಬೆಳಿಗ್ಗೆ ಬಾಯಿ ಬಿಡೋದಲ್ವಾ?"

"ಮೂರ್ ಸಲ ಬಿಟ್ಟೆ. ಮೂರ್ ಸಲಾನೂ ಮುಚ್ಚಿಸಿದ್ರಿ. ಸರಿ, ಹೆಂಗಸರ ಹೊಟ್ಟೇಲೂ ಗುಟ್ಟು ನಿಲ್ತದೆ ಅಂತ ತೋರಿಸ್ದೆ."

ಸಿದ್ದರಾಮಪ್ಪನವರು ನಿಟ್ಟುಸಿರಿಟ್ಟು ಶರಣಾದರು. "ತಪ್ಪಾಯ್ತು ಕಣೇ. ಆದ್ರೆ ನಿಂಗೆ ಕೈ ಮುಗೀತೀನಿ, ಈರೇಶನ ಮಾವನಿಗೆ ಮಾತ್ರ ಈ ಸ್ವಿಚ್ಚಿನ ವಿಷ್ಯ ಗೊತ್ತಾಗಬಾರ್ದು."

ಮಹಾದೇವಿ ಸೆರಗು ಬಾಯಿಗಿಟ್ಟು ನಕ್ಕಳು. "ಊಟ ಆದ್ಮೇಲೆ ಎಲೆ ಅಡಿಕೆ ಹಾಕ್ಕೊಳ್ತಾ, ನಿನಗೊಬ್ಬನಿಗೇ ಅಂತ ನೀವೇ ಈರೇಶನಿಗೆ ಹೇಳಿದ್ರಂತಲ್ಲ! ಅದನ್ನ ನನಗೆ ಹೇಳಿದ್ದು ಅವನ ಮಾವನವರೇ ಕಣ್ರೀ. ಅವರೂ ಆಣೆ ಹಾಕಿಸ್ಕೊಂಡ್ರು."