ಒಂದೇ ಮೀಟರಿನ ಮೂರು ಮನೆ

ಹತ್ತಿರ ಬನ್ನಿ, ಬಾಗಿಲು ಸ್ವಲ್ಪ ಮುಂದೆ ಮಾಡಿ. ನಾನು ಹೇಳಿದೆ ಅಂತ ಎಲ್ಲೂ ಬಾಯಿಬಿಡಕೂಡದು, ನಿಮ್ಮ ಮನೆದೇವರ ಆಣೆ. ಮದ್ರಾಸಿನ ತ್ರಿಪ್ಲಿಕೇನಿನ ನಮ್ಮ ಕಟ್ಟಡದಲ್ಲಿ ಸಂಸಾರ ಮೂರು, ಯಜಮಾನರದು, ನನ್ನದು, ನನ್ನ ಎದುರು ಮನೆಯವಳದು; ಕರೆಂಟಿನ ಮೀಟರು ಒಂದೇ. ಎರಡು ತಿಂಗಳಿಗೊಮ್ಮೆ ರೀಡಿಂಗ್‌ನವನು ಬಂದುಹೋದರೆ ಸಾಕು, ಒಂದಲ್ಲ ಒಂದು ರಾಮಾಯಣ. ನನಗಂತೂ ತಲೆ ಚಿಟ್ಟು ಹಿಡಿದಿದೆ.

೧. ತಳ ಓದುವ ಯಜಮಾನರು

ಮನೆ ಯಜಮಾನರು ಇನ್ಶೂರೆನ್ಸ್ ಆಫೀಸಿನಿಂದ ರಿಟೈರ್ ಆದವರು. ಬಾಡಿಗೆಯವರ ಸಾಮಾನು ತಲೆಕೆಳಗು ಮಾಡಿ, ತಳದಲ್ಲಿರೋ ವಾಟ್ ಓದೋದೇ ಅವರ ಸಂಧ್ಯಾವಂದನೆ. ನನ್ನ ಮಿಕ್ಸಿಯನ್ನೂ ಬೋರಲು ಹಾಕಿದರು. ಜಾರ್ ತೆಗೆಯಬೇಕು ಅನ್ನೋ ಜ್ಞಾನ ಬೇಡವೇ? ಚಟ್ನಿಯೆಲ್ಲ ಪಂಚೆಗೆ ಅಭಿಷೇಕ.

"ಏಳುನೂರ ಐವತ್ತು ವಾಟ್! ಇದು ಮನೆ ನುಂಗೋ ಮಿಕ್ಸಿ, ಮಾಮಿ!"

"ಚಟ್ನಿ ನುಣ್ಣಗಾಗೋವರೆಗೆ ತಾನೇ ಓಡೋದು? ನಿಮ್ಮ ಹಾಲ್‌ನಲ್ಲಿ ನರಪಿಳ್ಳೆ ಇಲ್ಲದಿದ್ದರೂ ಫ್ಯಾನು ಹಗಲೆಲ್ಲ ತಿರುಗುತ್ತಲ್ಲ?"

"ಅದು ಬರೀ ಎಪ್ಪತ್ತೈದು ವಾಟ್."

ನಾನು ಮೂರನೇ ಕ್ಲಾಸಿಗೆ ಸ್ಲೇಟು ಒಡೆದವಳು. ಆದರೆ ನೀರಿನ ಕ್ಯೂನಲ್ಲಿ ಕೊಡ ಹಿಡಿದು ನಿಂತವಳಿಗೆ ಇಷ್ಟು ಗೊತ್ತಾಗಲ್ವೇ? ಮೆಟ್ಟಿಲ ಮೇಲೆ ಎಲ್ಲರೆದುರಿಗೇ ಪಾಠ ಮಾಡಿದೆ. "ವಾಟ್ ಅಂದರೆ ನಲ್ಲಿ ಎಷ್ಟು ದಪ್ಪಗೆ ಸುರಿಯುತ್ತೆ ಅನ್ನೋದು. ಯೂನಿಟ್ ಅಂದರೆ ತುಂಬಿದ ಕೊಡ. ಸಾವಿರ ವಾಟಿಂದು ಒಂದು ಗಂಟೆ ಓಡಿದರೆ ಒಂದು ಕೊಡ. ಸಣ್ಣ ನಲ್ಲಿನೂ ಹಗಲೆಲ್ಲ ಬಿಟ್ಟರೆ ಕೊಡ ತುಂಬುತ್ತೆ ಸ್ವಾಮಿ!"

ಎದುರು ಮನೆಯವಳು ಸೆರಗು ಬಾಯಿಗೆ ಹಿಡಿದು ನಕ್ಕಳು. ಯಜಮಾನರು ಗಂಭೀರವಾಗಿ ಕೇಳಿ ತಲೆಯಾಡಿಸಿದರು. "ಸರಿ ಮಾಮಿ, ನಿಮ್ಮ ಮನೆ ನಲ್ಲಿ ಎಷ್ಟು ವಾಟು?"

೨. ರೀಡಿಂಗ್ ದಿನದ ವ್ರತ

ಯಜಮಾನರ ಹೆಂಡತಿ ಅವರನ್ನೂ ಮೀರಿಸಿದವಳು. ರೀಡಿಂಗ್‌ನವನು ಬಂದಾಗ ಏನೇನು ಓಡ್ತಿರುತ್ತೋ ಅಷ್ಟನ್ನೇ ಬರಕೊಂಡು ಹೋಗ್ತಾನೆ ಅಂತ ಆಕೆಯ ನಂಬಿಕೆ. ಅವನು ಬರೋ ದಿನ ದೀಪ, ಫ್ಯಾನು, ಟಿವಿ, ಫ್ರಿಜ್ಜು ಎಲ್ಲಾ ಬಂದ್. ಮದ್ರಾಸಿನ ಮೇ ತಿಂಗಳ ಕತ್ತರಿ ಬಿಸಿಲು ಬೇರೆ! ಈ ಸಲವೂ ಬೀಸಣಿಗೆ ಬೀಸಿಕೊಂಡು ತಪಸ್ಸಿಗೆ ಕೂತಳು. ಆ ಪುಣ್ಯಾತ್ಮ ಬಂದದ್ದು ಮಾರನೇ ದಿನ.

"ಅಯ್ಯೋ ಕರ್ಮವೇ, ಮೀಟರು ಎರಡು ತಿಂಗಳು ಕುಡಿದಿದ್ದನ್ನೆಲ್ಲ ಹೊಟ್ಟೇಲಿ ಇಟ್ಟುಕೊಂಡಿರುತ್ತೆ ಕಣಮ್ಮ," ಅಂದೆ. ಕೇಳಿಸಿಕೊಂಡರೆ ತಾನೇ?

ಯೂನಿಟ್ಟು ಐನೂರು ದಾಟಿತ್ತು. ಅದು ದಾಟಿದರೆ ಇಲ್ಲಿ ದರವೂ ಏರುತ್ತೆ. ಆಕೆಯ ವ್ರತಕ್ಕೆ ಮೀಟರು ಕೂದಲೆಳೆಯಷ್ಟೂ ಇಳಿಯಲಿಲ್ಲ, ಫ್ರಿಜ್ಜಿನಲ್ಲಿದ್ದ ದೋಸೆ ಹಿಟ್ಟು ಮಾತ್ರ ಉಕ್ಕಿ ಹೊಸ್ತಿಲವರೆಗೆ ಬಂತು.

೩. ಗಂಡಸರ ಶರ್ಟು

ಇನ್ನು ಎದುರು ಮನೆಯವಳು. ಬಳ್ಳಾರಿ ಕಡೆಯವಳು, ಗಂಡ ತೀರಿಕೊಂಡಿದ್ದಾನೆ, ಒಬ್ಬಳೇ ಇರೋದು. ಅವಳ ಮನೆ ಹಗ್ಗದ ಮೇಲೆ ದಿನಾ ಬಗೆಬಗೆಯ ಗಂಡಸರ ಶರ್ಟು! ನಾನು ಯಜಮಾನರ ಹೆಂಡತಿಯ ಕಿವಿಯಲ್ಲಿ ಇಷ್ಟೇ ಇಷ್ಟು ಹಾಕಿದೆ: "ಯೂನಿಟ್ ಏರಿದ್ದು ಯಾಕೆ ಅಂತೀರಿ? ಅವಳ ಇಸ್ತ್ರಿಪೆಟ್ಟಿಗೆ ಸಾವಿರ ವಾಟು. ಅಷ್ಟೊಂದು ಶರ್ಟು ಯಾರದ್ದೋ, ನಮ್ಮ ಗುಡಿಯ ಪಾರ್ಥಸಾರಥಿಯೇ ಬಲ್ಲ." ಮೀನು ಮಾರೋವಳಿಗೂ ಹೂವಿನವಳಿಗೂ ಹೇಳಿದೆ, ಗುಟ್ಟಾಗೇ.

ವಾರ ಕಳೆಯೋದರೊಳಗೆ ಯಜಮಾನರು ಅವಳಿಗೆ ಮನೆ ಖಾಲಿ ಮಾಡು ಅಂದರು. ಅವಳು ಅಳಲಿಲ್ಲ, ಸೊಂಟಕ್ಕೆ ಸೆರಗು ಸಿಕ್ಕಿಸಿದಳು.

"ಪಕ್ಕದ ಲಾಡ್ಜಿನವರ ಬಟ್ಟೆ ಒಗೆದು ಇಸ್ತ್ರಿ ಮಾಡಿ ಹೊಟ್ಟೆ ಹೊರಕೊಳ್ತೀನಿ ಸಾರ್. ಮನೆ ಹೋದ್ರೆ ಕೆಲಸಾನೂ ಹೋಗ್ತದೆ. ಮೊದಲು ಒಂದೊಂದೇ ಮನೆ ಮೈನ್ ಸ್ವಿಚ್ ಆರಿಸಿ ನೋಡ್ರಿ."

ಎಲ್ಲರೂ ಮೀಟರಿನ ಮುಂದೆ ನಿಂತೆವು. ಕರೆಂಟು ಹೆಚ್ಚು ಓಡಿದಷ್ಟೂ ಜೋರಾಗಿ ಮಿಟುಕೋ ಅದರ ಕೆಂಪು ದೀಪ ಪಟಪಟ ಅಂತಿತ್ತು. ಅವಳ ಮೈನ್ ಆರಿಸಿದರು, ಅಷ್ಟೇ ಬಿರುಸಾಗಿ ಮಿಟುಕಿತು. ಯಜಮಾನರದೂ ಆರಿಸಿದರು, ಆಗಲೂ ಹೆಚ್ಚುಕಮ್ಮಿ ಹಾಗೇ. ನನ್ನದು ಆರಿಸಿದರು ನೋಡಿ, ತಪಸ್ಸಿಗೆ ಕೂತ ಹಾಗೆ ಸುಮ್ಮನಾಯಿತು!

ನನ್ನ ಬಚ್ಚಲಿನಲ್ಲಿ ಬಿಸಿನೀರಿನ ನಲ್ಲಿ ತೊಟ್ಟಿಕ್ಕುತ್ತಿರುತ್ತೆ, ಮೂರು ಹೊತ್ತೂ ಗೀಸರ್ ಉರೀತಿರುತ್ತೆ. ಮಂಡಿನೋವಿನ ಮುದುಕಿಗೆ ಅಷ್ಟೂ ಬೇಡವೇ?

ಯಜಮಾನರು ತಲೆ ಕೆರೆದುಕೊಂಡು "ನೀನು ಇರಮ್ಮ" ಅಂತ ಅವಳಿಗೆ ಹೇಳಿ ಒಳಗೆ ಹೋದರು. ಅವಳು ಹೋಗಲಿಲ್ಲ. ನನ್ನ ಮುಖಕ್ಕೆ ಮುಖ ಕೊಟ್ಟು ನಿಂತು, ಎಷ್ಟು ಮೆಲ್ಲಗೆ ಹೇಳಿದಳು ಗೊತ್ತೇ?

"ಅಜ್ಜಿ, ನನ್ನ ಇಸ್ತ್ರಿಪೆಟ್ಟಿಗೆ ಸಾವಿರ ವಾಟ್, ಖರೆ. ಕೆಲಸ ಮುಗೀತು ಅಂದ್ರೆ ಆರಿಸ್ತೀನಿ. ನಿಮ್ಮ ಪಿಸುಮಾತಿಗೆ ವಾಟ್ ಕಡಿಮೆನೇ ಬಿಡ್ರಿ, ಆದ್ರ ಹಗಲೆಲ್ಲ ಓಡ್ತದಲ್ಲ, ಬೀದಿಗೆಲ್ಲ ಯೂನಿಟ್ ಬೀಳ್ತದ. ಗೀಸರ್ ಆಮೇಲೆ ನೋಡೋಣ, ಮೊದಲು ಅದಕ್ಕೊಂದು ಸ್ವಿಚ್ ಹಾಕಿಸ್ರಿ!"