ಬೂದಿಗಿಡಕ್ಕೆ ನೀರು ಹಾಕಬೇಡಿ

ಪಜೀತಿ ಅನ್ನುವುದು ಕೆಲವರ ಮನೆಗೆ ನೆಂಟರಿಂದ ಬರುತ್ತದೆ, ಕೆಲವರ ಮನೆಗೆ ಮಕ್ಕಳಿಂದ ಬರುತ್ತದೆ. ನಮ್ಮ ಮನೆಗೆ ಅದು ಒಂದು ಗಿಡದಿಂದ ಬಂತು, ಬಂದದ್ದು ಬೇಗ ಹೋಗಲೂ ಇಲ್ಲ.

ನಾನು ಹನೂರಿನ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ದಿನಗಳವು. ಆಗ ಹನೂರು, ಕೊಳ್ಳೇಗಾಲ ಎಲ್ಲ ಮದ್ರಾಸಿಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರಿಗೆ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅವ್ವ, ನಾನು, ನನ್ನ ತಂಗಿ, ಮೂರೇ ಜನ. ತಂಗಿಗೆ ಗಂಡು ಹುಡುಕುವುದು ನನ್ನ ತಲೆಯ ಮೇಲಿತ್ತು. ಅದಾಗದೆ ನಿನಗೆ ಮದುವೆ ಇಲ್ಲ ಅಂತ ಅವ್ವ ಖಂಡಿತವಾಗಿ ಹೇಳಿಬಿಟ್ಟಿದ್ದಳು. ಹೀಗಾಗಿ ಅವಳ ಮದುವೆಯ ಅವಸರ ಅವಳಿಗಿಂತ ನನಗೇ ಜಾಸ್ತಿ ಇತ್ತು ಅಂದರೂ ತಪ್ಪಿಲ್ಲ.

೧. ತಣ್ಣಿ ವೇಂಡಾ

ಊರಿನಲ್ಲಿದ್ದ ಕಾಡಿನ ಇಲಾಖೆಯ ರೇಂಜರ್ ಸಾಹೇಬರಿಗೆ ವರ್ಗವಾಯಿತು. ತಮಿಳು ಸೀಮೆಯವರು, ಗಿಡದ ಹುಚ್ಚು. ಹೋಗುವಾಗ ಒಂದು ಕುಂಡ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಅದರಲ್ಲಿ ಮೊಣಕಾಲುದ್ದದ ಒಂದು ಗಿಡ. ಎಲೆಗೆಲ್ಲ ಒಲೆಬೂದಿ ಬಳಿದಂತಿತ್ತು. ಇಂಗ್ಲಿಷಿನಲ್ಲಿ ಸೇಜ್ ಅಂತ ಏನೋ ಹೆಸರು ಹೇಳಿದರು.

"ನೇರಳೆ ಬಣ್ಣದ ಹೂವು ಬಿಡುತ್ತೆ ವಾಧ್ಯಾರೇ. ಮೋಡ ಕಟ್ಟಿ ಗಾಳಿ ತಂಪಾದರೆ ಸಾಕು, ಮೈತುಂಬ ಬಿಡುತ್ತೆ. ಒಂದೇ ಮಾತು. ತಣ್ಣಿ ವೇಂಡಾ. ಬೇರು ಹಿಡಿಯೋ ತನಕ ಸ್ವಲ್ಪ ನೀರು, ಆಮೇಲೆ ಬೇಡವೇ ಬೇಡ. ನೀರು ಜಾಸ್ತಿಯಾದರೆ ಸತ್ತುಹೋಗುತ್ತೆ."

ಸರಿ ಸಾರ್ ಅಂತ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಅಂಗಳದಲ್ಲಿ ನೆಟ್ಟೆ. ಅವ್ವ ಹೊರಗೆ ಬಂದು ನೋಡಿದಳು. ಹಿಂದಕ್ಕೆ ಮುಂದಕ್ಕೆ ಸರಿದು ಮತ್ತೆ ನೋಡಿದಳು.

"ಇಷ್ಟು ದೊಡ್ಡ ಕಾಡು ಕಾಯೋ ಸಾಹೇಬ್ರು, ಕೊಡೋದು ಕೊಟ್ರು, ಬದುಕಿರೋದ ಕೊಡಬಾರ್ದಿತ್ತಾ ಮಗ?"

೨. ಪುಣ್ಯದ ನೀರು

ನಮ್ಮ ಕಡೆ ಬೇಸಗೆಯಲ್ಲಿ ಗಿಡಕ್ಕೆ ಒಂದು ಚೊಂಬು ನೀರು ಹಾಕಿದರೆ ಪುಣ್ಯ. ಅಂಥದ್ದರಲ್ಲಿ ಒಂದು ಗಿಡ ಬೂದಿಬಣ್ಣಕ್ಕೆ ತಿರುಗಿ ನಿಂತಿದೆ, ಮನೆಯ ಯಜಮಾನ ನೀರು ಹಾಕಬೇಡಿ ಅನ್ನುತ್ತಾನೆ ಅಂದರೆ ಕೇಳುವವರು ಯಾರು? ಅವ್ವ ನಾನು ಸ್ಕೂಲಿಗೆ ಹೋದ ಮೇಲೆ ಅಕ್ಕಿ ತೊಳೆದ ನೀರು ಹುಯ್ಯುತ್ತಿದ್ದಳು. ಎದುರುಮನೆ ಅಜ್ಜಿ ಬೆಳಗಿನ ಜಾವ ಪೂಜೆ ಮುಗಿಸಿ ಉಳಿದ ನೀರನ್ನು ತಂದು ಹುಯ್ಯುತ್ತಿದ್ದಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ ನಾನು ಪಾತಿ ಒಣಗಿಸುವುದು, ಇವರು ತುಂಬಿಸುವುದು. ಬುಡದ ಎಲೆಗಳು ಹಳದಿಯಾಗಿ ಉದುರಿದವು. ಉದುರಿದ್ದನ್ನು ನೋಡಿ, ಪಾಪ ಬಾಯಾರಿದೆ ಅಂತ ಇಬ್ಬರೂ ಇನ್ನೊಂದೊಂದು ಚೊಂಬು ಜಾಸ್ತಿ ಮಾಡಿದರು.

ಅವ್ವನಿಗೆ ನನ್ನಾಣೆ ಹಾಕಿ ನಿಲ್ಲಿಸಿದೆ. ಅಜ್ಜಿಗೆ ಆಣೆ ಹಾಕುವುದು ಹೇಗೆ? ಒಂದು ಹಲಗೆಯ ಮೇಲೆ ಸುಣ್ಣದಲ್ಲಿ ದಪ್ಪ ಅಕ್ಷರದಲ್ಲಿ 'ಈ ಗಿಡಕ್ಕೆ ಯಾರೂ ನೀರು ಹಾಕಬಾರದು' ಅಂತ ಬರೆದು ಗಿಡದ ಪಕ್ಕ ನೆಟ್ಟೆ. ಮಾರನೆಯ ದಿನ ಎದ್ದು ನೋಡುತ್ತೇನೆ, ಪಾತಿಯಲ್ಲಿ ನೀರು ನಿಂತಿದೆ. ಓದು ಬಾರದ ಅಜ್ಜಿ ಆ ಹಲಗೆ ಏನೋ ಮಂತ್ರದ್ದು ಅಂತ ತಿಳಿದು, ಅದಕ್ಕೆ ಮೂರು ಬೆರಳು ವಿಭೂತಿ ಬಳಿದು, ಅದಕ್ಕೂ ಬೇರೆಯಾಗಿ ಒಂದು ಚೊಂಬು ನೀರು ಹುಯ್ದು ಕೈಮುಗಿದು ಹೋಗಿದ್ದಳು.

೩. ಮಳೆ ಹೇಳುವವರು

ಕಡೆಗೆ ಸುತ್ತ ಮುಳ್ಳು ಕಟ್ಟಿದೆ. ಗಿಡ ಚೇತರಿಸಿಕೊಂಡು ನನ್ನೆದೆಯ ಮಟ್ಟಕ್ಕೆ ಬಂತು. ಮುಂಗಾರು ಮೋಡ ಕಟ್ಟಿದ ಒಂದು ದಿನ ರೇಂಜರ್ ಸಾಹೇಬರು ಹೇಳಿದ್ದಂತೆಯೇ ಮೈತುಂಬ ನೇರಳೆ ಹೂವು ಬಿಟ್ಟಿತು. ಎರಡು ದಿನಕ್ಕೆ ಮಳೆ ಬಂತು. ಇನ್ನೊಂದು ಸಲವೂ ಹಾಗೇ ಆಯಿತು. ಆಮೇಲೆ ರಾಗಿ ಬಿತ್ತುವವರು ದಾರಿಯಲ್ಲಿ ಹೋಗುತ್ತಾ ಬೇಲಿಯಾಚೆಯಿಂದ ಕೂಗಿ ಕೇಳುವುದು ಶುರುವಾಯಿತು. "ಮೇಷ್ಟ್ರೇ, ಗಿಡ ಏನಂತದೆ ಸಾ?"

ಇದರಿಂದ ನಿಜವಾಗಿ ನೊಂದವರು ಎದುರುಮನೆ ಅಜ್ಜಿಯ ಮಗ. ನಾವೆಲ್ಲ ಅಯ್ನೋರು ಅಂತ ಕರೆಯುತ್ತಿದ್ದೆವು. ಪಂಚಾಂಗ ನೋಡಿ ಮಳೆ, ಬೆಳೆ ಹೇಳುವುದು ಅವರ ಮನೆತನದ ಕೆಲಸ. "ಗಿಡ ಕೇಳ್ಕಂಡು ಬಿತ್ತೋ ಕಾಲ ಬಂತಲ್ಲಪ್ಪ" ಅಂತ ನನ್ನ ಕೂಡೆ ಮಾತು ಬಿಟ್ಟರು. ನನಗೂ ಬೇಜಾರಾಯಿತು, ಒಳ್ಳೆಯ ಮನುಷ್ಯರು.

ಸ್ವಲ್ಪ ದಿನಕ್ಕೆ ಅವರ ಮಾತು ಮತ್ತೆ ಕರಾರುವಾಕ್ಕಾಗಿ ನಿಜವಾಗತೊಡಗಿತು. ಜನ ಹಿಂತಿರುಗಿ ಅವರ ಜಗಲಿಗೇ ಹೋದರು. ನನಗೆ ಸಂತೋಷವೇ ಆಯಿತು. ಒಂದು ದಿನ ಬೆಳಕು ಹರಿಯುವ ಮುಂಚೆ ಎದ್ದು ಬಾಗಿಲು ತೆಗೆದರೆ, ಅಯ್ನೋರು ಕಂಕುಳಲ್ಲಿ ಪಂಚಾಂಗ ಇಟ್ಟುಕೊಂಡು ನಮ್ಮ ಬೇಲಿಯೊಳಗೆ ಕತ್ತು ತೂರಿಸಿ ಮೊಗ್ಗು ನೋಡುತ್ತಿದ್ದರು. ನನ್ನನ್ನು ಕಂಡು ಗಾಬರಿಯಾಗಲಿಲ್ಲ.

"ತಾಳೆ ನೋಡ್ತಾವ್ನಿ ಕಣಪ್ಪ" ಅಂದರು.

೪. ಮುಳ್ಳೂರಿನವರು

ಈ ನಗುವೆಲ್ಲ ಮುಗಿದದ್ದು ಮುಳ್ಳೂರಿನಿಂದ ಗಂಡಿನ ಕಡೆಯವರು ತಂಗಿಯನ್ನು ನೋಡಲು ಬಂದ ದಿನ. ಮಳೆಯ ಹೆಸರಿಲ್ಲದ ಬಿಸಿಲುಕಾಲ. ಗಿಡದಲ್ಲಿ ಒಂದು ಹೂವಿಲ್ಲ. ಬಂದವರು ಒಳಗೆ ಬರುವ ಮುಂಚೆ ಅದನ್ನು ನೋಡಿದರು. ಪಾತಿಯ ಮಣ್ಣು ಬಿರುಕು ಬಿಟ್ಟಿದ್ದನ್ನೂ ನೋಡಿದರು. ಪಕ್ಕದಲ್ಲಿದ್ದ ಹಲಗೆಯನ್ನು ಓದಿದರು. ನಾನು ಅದನ್ನು ಕೀಳುವುದನ್ನೇ ಮರೆತಿದ್ದೆ.

ಉಪ್ಪಿಟ್ಟು ತಿಂದರು, ಹುಡುಗಿಯನ್ನು ನೋಡಿದರು, ಹೋದರು. ವಾರ ಬಿಟ್ಟು ಮಾತು ಬಂತು. ಹುಡುಗಿ ಲಕ್ಷಣವಾಗಿದ್ದಾಳಂತೆ. ಆದರೆ ಬಾಗಿಲಲ್ಲಿರೋ ಗಿಡಕ್ಕೆ ನೀರು ಹಾಕಬಾರದು ಅಂತ ಬರೆದು ಇಡೋ ಮನೆಯವರು ನಾಳೆ ನೆಂಟರು ಬಂದರೆ ಏನು ಹಾಕುತ್ತಾರೆ ಅಂತ ಕೇಳಿದರಂತೆ.

ಅವ್ವ ಸೆರಗು ಬಾಯಿಗೆ ಇಟ್ಟುಕೊಂಡು ಅತ್ತಳು. "ಆ ಗಿಡ ಇರಬೇಕೋ, ನಿನ್ನ ತಂಗಿ ಮದ್ವೆ ಆಗಬೇಕೋ, ಒಂದ ಹೇಳ್ಬುಡು."

ಮಾತು ಕೊಟ್ಟಿದ್ದೇನೆ, ಕೀಳುವುದಿಲ್ಲ ಅಂದೆ. ನಾನು ಹಟಮಾರಿ, ಒಪ್ಪುತ್ತೇನೆ. ಆದರೆ ಅವತ್ತು ಸಂಜೆ ಸುಮ್ಮನೆ ಅಕ್ಕಿ ಆರಿಸುತ್ತಾ ಕೂತಿದ್ದ ತಂಗಿಯನ್ನು ನೋಡಿ ಎದ್ದು ಅಂಗಳಕ್ಕೆ ಹೋದೆ. ಹಲಗೆಯನ್ನು ಕಿತ್ತು ಒಲೆಗೆ ಹಾಕಿದೆ. ಅದು ಚೆನ್ನಾಗಿ ಉರಿಯಿತು.

೫. ಮಾಂಬಳ್ಳಿಯವರು

ಎರಡು ತಿಂಗಳ ಮೇಲೆ ಮಾಂಬಳ್ಳಿಯಿಂದ ಬರುತ್ತೇವೆ ಅಂತ ಹೇಳಿಕಳಿಸಿದರು. ಕಾಲುವೆ ಬಯಲಿನ ಗದ್ದೆಯವರು, ಒಬ್ಬನೇ ಮಗ. ಕೊಳ್ಳೇಗಾಲದಲ್ಲಿ ಒಂದು ಮದುವೆಯಲ್ಲಿ ಹುಡುಗ, ತಾಯಿ ಇಬ್ಬರೂ ನಮ್ಮ ಹುಡುಗಿಯನ್ನು ಕಂಡಿದ್ದರಂತೆ. ಇನ್ನೂ ಮಳೆಯಿಲ್ಲ. ಗಿಡ ಹಾಗೇ ಬೂದಿ ಬಳಿದುಕೊಂಡು ನಿಂತಿತ್ತು.

ಅವರು ಬರುವ ದಿನ ಬೆಳಿಗ್ಗೆ ನಾನು ಬಸ್ಸಿನ ಹತ್ತಿರ ಹೋಗಿ ಕರೆದುಕೊಂಡು ಬಂದೆ. ಬಂದು ನೋಡಿದರೆ ಗಿಡದ ತುಂಬ ಹೂವು. ಕೇಸರಿಬಣ್ಣದ ಹೂವು. ನೇರಳೆ ಹೂವು ಬಿಡುವ ಗಿಡದಲ್ಲಿ ಇದೇನಪ್ಪ ಅಂತ ನನಗೆ ದಿಗಿಲಾಯಿತು. ಬಂದವರಿಗೆ ಏನು ಗೊತ್ತು, "ಗಿಡ ಸೊಗಸಾಗದೆ" ಅಂತ ಹೇಳುತ್ತಲೇ ಒಳಗೆ ಬಂದರು.

ಅಡಿಗೆ ಆಯಿತು, ಏಳಿ ಅಂದೆವು. ಹುಡುಗನ ತಾಯಿ, "ಇನ್ನೂ ಲಿಂಗಪೂಜೆ ಆಗಿಲ್ಲ ಕಣವ್ವ, ಪೂಜೆ ಆಗ್ದೆ ಉಣ್ಣಕಿಲ್ಲ. ಎರಡು ಹೂವ ಕಿತ್ಕತೀನಿ" ಅಂತ ತಟ್ಟೆ ತೆಗೆದುಕೊಂಡು ನೇರವಾಗಿ ಅಂಗಳಕ್ಕೆ ಹೋದರು. ಹಿತ್ತಲಲ್ಲಿ ಬೇಕಾದಷ್ಟು ಹೂವಿದೆ ಅಂತ ಅವ್ವ ಹಿಂದೆಯೇ ಓಡಿದಳು. ಅಷ್ಟರಲ್ಲಿ ಅವರು ಮುಳ್ಳು ಸರಿಸಿ ಒಂದು ಹೂವು ಹಿಡಿದು ಎಳೆದಿದ್ದರು. ಹೂವಿನ ಜೊತೆ ದಾರ ಬಂತು. ದಾರದ ಜೊತೆ ಇನ್ನೂ ಹದಿನೈದು ಹೂವು ಸಾಲಾಗಿ ಬಂದವು. ಅದು ಹಿತ್ತಲಿನ ಕನಕಾಂಬರ.

ನಾನು ಅವ್ವನನ್ನು ನೋಡಿದೆ, ಅವ್ವ ನನ್ನನ್ನು ನೋಡಿದಳು. ಇಬ್ಬರಿಗೂ ಗೊತ್ತಿಲ್ಲ.

"ಇದ ಯಾರು ಕಟ್ಟಿದ್ದು?" ಅಂತ ಹುಡುಗನ ತಾಯಿ ಕೇಳಿದರು.

ಬಾಗಿಲ ಮರೆಯಿಂದ ತಂಗಿ ಸಣ್ಣ ದನಿಯಲ್ಲಿ, "ನಾನೇಯ" ಅಂದಳು.

"ಮುಳ್ಳೂರವ್ರು ಬಂದಾಗ ಕಟ್ನಿಲ್ವಲ್ಲೇ?" ಅಂತ ಅವ್ವ ಬಾಯಿ ತಪ್ಪಿ ಕೇಳಿಬಿಟ್ಟಳು. ಕೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ತಂಗಿ ತಲೆ ಬಗ್ಗಿಸಿ ಕಾಲಬೆರಳಲ್ಲಿ ನೆಲ ಕೆರೆಯುತ್ತಾ, "ಅವ್ರ ನಾನು ಮುಂಚೆ ನೋಡಿರ್ನಿಲ್ಲ" ಅಂದಳು.

ಹುಡುಗನ ತಾಯಿ ಆ ಹೂವಿನ ಸಾಲನ್ನು ತಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡರು. ಒಳಗೆ ಕೂತಿದ್ದ ತಮ್ಮ ಯಜಮಾನರಿಗೆ ಕೇಳುವಂತೆ, "ಹುಡುಗೀಗೆ ಒಪ್ಪಿಗೆಯಾ ಅಂತ ನೀವೇನೂ ಕೇಳ್ಬ್ಯಾಡಿ ಕಣ್ರಿ. ದಾರ ಹಾಕಿ ಕಟ್ಟವ್ಳೆ" ಅಂದರು.

೬. ಹಬ್ಬಕ್ಕೆ ಕರೆಯಲು ಹೋದದ್ದು

ಮದುವೆ ಗೊತ್ತಾದ ದಿನವೇ ತಂಗಿಯ ಅತ್ತೆಯವರು ಆ ಗಿಡದ ಒಂದು ಕಡ್ಡಿ ಬೇಕು ಅಂತ ಕೇಳಿದ್ದರು. ನಾನು ಬೇರು ಬರಿಸಿ, ಕುಂಡಕ್ಕೆ ಹಾಕಿ, ಮದುವೆಯಾಗಿ ಹೋಗುವಾಗ ನೀರು ಹಾಕಬೇಡಿ ಅಂತ ಮೂರು ಸಲ ಹೇಳಿ ಕೊಟ್ಟೆ. ಕಾಲುವೆ ನೀರು ಮನೆಬಾಗಿಲಿಗೆ ಬರುವ ಊರಿನವರು. ಆಗಲಿ ಅಂದರು.

ಆಮೇಲೆ ತಂಗಿಯಿಂದ ಎರಡು ಕಾಗದ ಬಂದವು. ಎರಡರಲ್ಲೂ 'ಎಲ್ಲರೂ ಕ್ಷೇಮ, ಗಿಡ ಕ್ಷೇಮ' ಅಂತ ಇತ್ತು. ಅವಳು ಹೇಗಿದ್ದಾಳೆ ಅಂತ ಇರಲಿಲ್ಲ. ಹೆಣ್ಣುಮಕ್ಕಳು ಕಷ್ಟವನ್ನು ಕಾಗದದಲ್ಲಿ ಬರೆಯುವುದಿಲ್ಲ. ಅವ್ವನಿಗೂ ನನಗೂ ಅದೇ ಯೋಚನೆ. ಗೌರಿಹಬ್ಬಕ್ಕೆ ಕರೆಯಲು ಇಬ್ಬರೂ ಹೊರಟೆವು. ಮಾಂಬಳ್ಳಿಯಲ್ಲಿ ಬಸ್ಸು ಇಳಿದ ಕೂಡಲೇ ಅವ್ವನಿಗೆ ಯಾರೋ ಹಳೆಯ ಪರಿಚಯದವರು ಸಿಕ್ಕರು, ಅವಳು ಮಾತಿಗೆ ನಿಂತಳು. ನಾನು ಮುಂದೆ ಹೋದೆ.

ಅಂಗಳದಲ್ಲಿ ನಮ್ಮ ಗಿಡ. ಗಿಡದ ತುಂಬ ಕೇಸರಿ ಹೂವು.

ಹತ್ತಿರ ಹೋದೆ. ಬುಡ ಕೆಸರಾಗಿತ್ತು. ಕಡ್ಡಿಯನ್ನು ಉಗುರಲ್ಲಿ ಕೆರೆದು ನೋಡಿದೆ, ಒಳಗೂ ಒಣಗಿ ಕಪ್ಪಾಗಿತ್ತು. ಸತ್ತು ತಿಂಗಳಾಗಿರಬೇಕು. ಕೊನೆಯಿಂದ ಕೊನೆಗೆ ದಾರ ಸುತ್ತಿ ಕನಕಾಂಬರ ಕಟ್ಟಿದ್ದರು. ತಲೆಯೆತ್ತಿದರೆ ಅತ್ತೆ, ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತಿದ್ದರು. ತಂಗಿ ಮೈಕೈ ತುಂಬಿಕೊಂಡು ಗುಂಡಗಾಗಿದ್ದಳು. ಸೆರಗು ಕಚ್ಚಿಕೊಂಡು ನಗು ತಡೆಯುತ್ತಿದ್ದಳು.

"ನಿಮ್ಮ ತಂಗಿ ಬ್ಯಾಡ ಬ್ಯಾಡ ಅಂತಾನೇ ಇದ್ಲು ಮೇಷ್ಟ್ರೇ" ಅಂದರು ಅತ್ತೆ. "ನನ್ನ ಕೈ ಕೇಳ್ನಿಲ್ಲ. ಒಣಗದಲ್ಲ ಅಂತ ಹುಯ್ದೆ, ಇನ್ನೂ ಒಣಗ್ತು. ಈಗ ನೀವು ಬತ್ತೀರಿ ಅಂತ ಕಾಗದ ಬಂತು. ಕೊಟ್ಟ ಗಿಡನೇ ಉಳಿಸ್ಕಳ್ದೋರು ಕೊಟ್ಟ ಹೆಣ್ಣ ಹೆಂಗೆ ನೋಡ್ಕಂಡಾರು ಅಂತ ನೀವು ಅಂದ್ಕಂಡ್ರೆ ನಾನೇನ ಹೇಳ್ಲಿ? ಅದ್ಕೇ ಅತ್ತೆ ಸೊಸೆ ಇಬ್ರೂ ಬೆಳಗ್ಗೆಯಿಂದ ಕೂತು ಕಟ್ಟುದ್ವಿ."

ನನಗೆ ಕಣ್ಣಲ್ಲಿ ನೀರು ಬಂತು. ನಗುವೂ ಬಂತು. ಇನ್ನು ತಂಗಿಯನ್ನು ಒಳಗೆ ಕರೆದು ಹೇಗಿದ್ದೀಯೆ ಅಂತ ಕೇಳುವ ಕೆಲಸ ಉಳಿಯಲಿಲ್ಲ.

ಮುಖ ಗಂಭೀರ ಮಾಡಿಕೊಂಡು ಕೇಳಿದೆ. "ಅದಿರಲಿ, ನನ್ನ ಪೂಜೆ ಇನ್ನೂ ಆಗಿಲ್ಲ. ಎರಡು ಹೂವು ಕಿತ್ತುಕೊಳ್ಳಲಾ?"

ಅತ್ತೆ ಬೀದಿಯ ಕಡೆ ಒಂದು ಸಲ ಇಣುಕಿ ನೋಡಿ ದನಿ ಇಳಿಸಿದರು.

"ಹಿಂದ್ಗಡೆಯಿಂದ ಬಿಚ್ಕಳಿ ಮೇಷ್ಟ್ರೇ, ಮುಂದ್ಗಡೆ ಮುಟ್ಟಬ್ಯಾಡಿ. ನಿಮ್ಮವ್ವ ಇನ್ನೂ ನೋಡಿಲ್ಲ."