ಕಾಲು ಮುಂದಾಗಿ ಹುಟ್ಟಿದವರ ಚಿಕಿತ್ಸೆ

ದೇವರು ಮನುಷ್ಯನಿಗೆ ಬೆನ್ನು ಕೊಟ್ಟದ್ದು ಸಂಸಾರಸ್ಥರನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕು. ತಲೆ ನೋಯಲಿ, ಹೊಟ್ಟೆ ನೋಯಲಿ, ಒಬ್ಬಂಟಿಗ ಹೇಗೋ ತಾನೇ ನೀವಿಕೊಳ್ಳಬಹುದು. ಬೆನ್ನಿಗೆ ಮಾತ್ರ ಇನ್ನೊಬ್ಬರ ಕೈಯೇ ಬೇಕು. ಹೆಂಡತಿ ತೀರಿಕೊಂಡ ಮೇಲೆ ಕೊಪ್ಪದ ಸ್ಕೂಲಿಗೆ ವರ್ಗವಾಗಿ ಬಂದ ಮೇಷ್ಟರು ನಾನು. ನನಗೆ ಇದು ಹೊಳೆದದ್ದು ಬಚ್ಚಲಿನಲ್ಲಿ, ನೀರಿನ ಕೊಡ ಎತ್ತಲು ಬಗ್ಗಿದವನು ಬಗ್ಗಿಯೇ ಉಳಿದಾಗ. ಅಯ್ಯೋ ಎಂದೆ. ಯಾಕೆ ಎಂದು ಕೇಳುವವರು ಮನೆಯಲ್ಲಿ ಯಾರೂ ಇರಲಿಲ್ಲ. ಸೊಂಟಕ್ಕಿಂತ ಅದೇ ಹೆಚ್ಚು ನೋಯಿತು.

ಡಿಸ್ಪೆನ್ಸರಿಯ ಡಾಕ್ಟರು ಒಂದು ಎಣ್ಣೆ ಕೊಟ್ಟು, ಮನೆಯವರ ಹತ್ತಿರ ಚೆನ್ನಾಗಿ ತಿಕ್ಕಿಸಿಕೊಳ್ಳಿ ಎಂದರು. ಆಗಲಿ ಎಂದು ತಲೆಯಾಡಿಸಿ ಬಂದು, ಗೋಡೆಗೆ ಎಣ್ಣೆ ಹಚ್ಚಿ ಅದಕ್ಕೇ ಬೆನ್ನು ಉಜ್ಜಿದೆ. ಗೋಡೆಯ ಸುಣ್ಣವೆಲ್ಲ ಬೆನ್ನಿಗೆ ಬಂತು, ನೋವು ಇದ್ದಲ್ಲೇ ಇತ್ತು. ಅಮೆರಿಕೆಯಲ್ಲಿ ಬೆನ್ನುಮೂಳೆಯನ್ನು ಕೈಯಿಂದ ಒತ್ತಿಯೇ ನೋವು ತೆಗೆಯುವವರಿದ್ದಾರೆಂದು ಯಾವುದೋ ಪತ್ರಿಕೆಯಲ್ಲಿ ಓದಿದ್ದೆ. ಬೆನ್ನಿನ ಮಣಿಯೊಂದು ಜಾಗ ತಪ್ಪಿದರೆ ನರವನ್ನು ಅದುಮುತ್ತದಂತೆ, ಅದನ್ನು ಲಟಕ್ಕನೆ ಸ್ವಸ್ಥಾನಕ್ಕೆ ತಳ್ಳಿದರೆ ನೋವು ಮಾಯವಂತೆ. ಆದರೆ ಕೊಪ್ಪದಿಂದ ಅಮೆರಿಕೆಗೆ ಬಸ್ಸಿಲ್ಲ. ಇದ್ದರೂ ನಾನು ಹತ್ತುವ ಸ್ಥಿತಿಯಲ್ಲಿರಲಿಲ್ಲ.

ಗೋಡೆ ಉಜ್ಜುವ ಸದ್ದು ಆ ಕಡೆಯ ಜವಳಿ ಅಂಗಡಿಯವರ ತಾಯಿ ಗಂಗಮ್ಮನವರಿಗೆ ಕೇಳಿಸಿತು. ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಉಳುಕು ಬಿಡುತ್ತದೆಂದು ಇಲ್ಲಿಯವರ ನಂಬಿಕೆ. ಗಂಗಮ್ಮನವರು ಹುಟ್ಟಿದ್ದು ಹಾಗೆಯೇ. ಬೆಳಿಗ್ಗೆ ಬಂದವರೇ ನನ್ನನ್ನು ಜಗಲಿಯ ಮೇಲೆ ಬೋರಲು ಮಲಗಿಸಿ, ಸೊಂಟದ ಬಲಗಡೆ ಎಡಗಾಲಿಟ್ಟು ತುಳಿದರು. ಅಮೆರಿಕೆಯ ಲಟಕ್ಕು ಕೊಪ್ಪದಲ್ಲೇ ಕೇಳಿಸಿತು. ಆಮೇಲೆ ಕಂಬಕ್ಕೊರಗಿ ಕೂತು, ನಿನ್ನೆ ಏನು ಉಂಡಿರಿ, ಒಗ್ಗರಣೆಗೆ ಏನು ಹಾಕಿದಿರಿ, ಇಷ್ಟು ಸೊರಗಿದ್ದೇಕೆ ಎಂದೆಲ್ಲ ವಿಚಾರಿಸಿದರು. ನನ್ನ ಊಟದ ಮಾತನ್ನು ಯಾರಾದರೂ ಎತ್ತಿ ಬಹಳ ಕಾಲವಾಗಿತ್ತು. ಮೂರು ಬೆಳಗು ತುಳಿಯುವುದು ಪದ್ಧತಿ. ನೋವು ಮೊದಲ ತುಳಿತಕ್ಕೇ ಹೋಗಿತ್ತು. ನಾನು ಹೇಳಲಿಲ್ಲ.

ಮೂರನೆಯ ಬೆಳಗು ಅವರು ಸೆರಗು ಕೊಡವಿ ಹೊರಟಾಗ ನನಗೆ ಹೆದರಿಕೆಯೇ ಆಯಿತು. ಇನ್ನು ಈ ಜಗಲಿಗೆ ಯಾರು ಬರುತ್ತಾರೆ? ಈಗ ಎಡಗಡೆ ಹಿಡಿದಿದೆ ಎಂದುಬಿಟ್ಟೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. "ಇದೆಂತ ನೋವು ಮೇಷ್ಟ್ರೆ, ತುಳಿದ ಕಡೆಯಿಂದ ಎದ್ದುಹೋಗಿ ಆಚೆ ಕಡೆ ಕೂತ್ಕೊಳ್ತದೆ? ಮಲಗಿ ಮಾರಾಯ್ರೆ."

ನೋವಿಲ್ಲದ ಜಾಗವನ್ನು ಅವರು ಮನಸ್ಸಿಟ್ಟು ತುಳಿದರು. ಅಲ್ಲಿಯವರೆಗೆ ತೆಪ್ಪಗೆ ಕೂತಿದ್ದ ಮಣಿಯೊಂದು ಅಲ್ಲಿಂದ ಎದ್ದು ಹೊರಟಿತು. ಕಣ್ಣಲ್ಲಿ ನೀರು ಬಂದರೂ ಒಳಗೊಳಗೇ ಖುಷಿಯಾಯಿತು. ಇನ್ನು ಸುಳ್ಳಿನ ಗೊಡವೆಯಿಲ್ಲದೆ ಅವರನ್ನು ಕರೆಯಬಹುದಲ್ಲ. ಮಾರನೆಯ ಬೆಳಿಗ್ಗೆ ಚಾಪೆ ಹಾಸಿ ಕಾದೆ. ಬಂದವರು ಅವರ ಮಗ. ಅಮ್ಮ ಮಗಳ ಬಾಣಂತನಕ್ಕೆಂದು ಮೊದಲ ಬಸ್ಸಿಗೇ ಬಾಳೆಹೊನ್ನೂರಿಗೆ ಹೋದರು, ಬರಲು ತಿಂಗಳುಗಟ್ಟಲೆ ಆಗಬಹುದು ಎಂದು ತಿಳಿಸಿ ಅಂಗಡಿ ತೆರೆಯಲು ಹೋದರು.

ಹೀಗಾಗಿ ಈಗ ಜಗಲಿಯ ಮೇಲೆ ಬೋರಲು ಮಲಗಿ, ದಾರಿಯಲ್ಲಿ ಹೋಗುವವರನ್ನೆಲ್ಲ ನೀವು ಹುಟ್ಟುವಾಗ ತಲೆ ಮುಂದೋ ಕಾಲು ಮುಂದೋ ಎಂದು ಕೇಳುತ್ತಿದ್ದೇನೆ. ಇದುವರೆಗೆ ಸಿಕ್ಕವರೆಲ್ಲ ತಲೆ ಮುಂದಾಗಿಯೇ ಹುಟ್ಟಿದವರು. ಆದರೂ ಕೆಲವರು ನಿಂತು, ನಿಮಗೇನಾಯಿತು ಎಂದು ಕೇಳುತ್ತಾರೆ. ಅಷ್ಟು ಹೊತ್ತು ನೋವಿರುವುದಿಲ್ಲ.